ಭ್ರಮಾವಾಸ್ತವ ಶಿರಸ್ತ್ರಾಣದ ಖರೀದಿ ಪರಿಶೀಲನೆ

ಸಾವಿರದ ಒಂಬೈನೂರ ತೊಂಬತ್ತಾರನೆಯ ಇಸವಿಯ ಜನವರಿಯಲ್ಲಿ, ಭದ್ರಾವತಿ ಓಲ್ಡ್ ಟೌನಿನ ಉಭಯನಗರ ವರ್ತಕರ ಸಹಕಾರ ಸಂಘವು ಶಿವಮೊಗ್ಗದ ನನ್ನ ಅಂಗಡಿಯಿಂದ ನಲವತ್ತೆಂಟು ಸಾವಿರ ರೂಪಾಯಿಗೆ ಒಂದು ವರ್ಚುವಲ್ ರಿಯಾಲಿಟಿ ಹೆಡ್‌ಸೆಟ್ ಕೊಳ್ಳಬೇಕೋ ಬೇಡವೋ ಎಂಬುದನ್ನು ಪರಿಶೀಲಿಸಲು ಆರಂಭಿಸಿತು. ಐದು ವರ್ಷದ ಮೇಲಾಯಿತು. ಪರಿಶೀಲನೆ ಕ್ರಮಬದ್ಧವಾಗಿ ನಡೆಯುತ್ತಿದೆ.

ಸರಕಿನ ವಿಷಯ ಮೊದಲು ಹೇಳಬೇಕು. ಅದು ತಲೆಗೆ ಹಾಕಿಕೊಳ್ಳುವ ವಸ್ತು. ತೂಕ ಸ್ಕೂಟರ್ ಹೆಲ್ಮೆಟ್ಟಿನಷ್ಟೇ. ಹೆಲ್ಮೆಟ್ಟಿನಲ್ಲಿ ಮುಂದಿನ ರಸ್ತೆ ಕಾಣುತ್ತದೆ, ಇದರಲ್ಲಿ ಕಾಣುವುದಿಲ್ಲ. ಎರಡು ಕಣ್ಣಿಗೆ ಎರಡು ಪುಟ್ಟ ಟಿ.ವಿ. ಹಿಂದಿನಿಂದ ಹೊರಟ ದಪ್ಪ ಕೇಬಲ್ಲು ಕಂಪ್ಯೂಟರಿಗೆ ಸೇರುತ್ತದೆ. ಹಾಕಿಕೊಂಡವರು ಕುರ್ಚಿಯಲ್ಲಿ ಕೂತೇ ಒಂದು ಕಲ್ಲುಕೋಟೆಯೊಳಗೆ ಓಡಾಡಬಹುದು. ಕತ್ತು ಎಡಕ್ಕೆ ತಿರುಗಿಸಿದರೆ ಎಡಗೋಡೆ, ಬಲಕ್ಕೆ ತಿರುಗಿಸಿದರೆ ಬಲಗೋಡೆ. ಕೋಟೆ ಬಿಟ್ಟರೆ ಬೇರೆ ಊರಿಲ್ಲ, ಡಿಸ್ಕ್ ಒಂದೇ ಬಂದಿತ್ತು.

ಬೆಂಗಳೂರಿನ ಸಗಟು ವ್ಯಾಪಾರಿಯೊಬ್ಬ, ನಾನು ವಾಪಸ್ ಕಳಿಸಿದ ಕಪ್ಪು-ಬಿಳುಪು ಟಿ.ವಿ.ಗಳಿಗೆ ದುಡ್ಡು ಕೊಡುವ ಬದಲು, "ಇದು ಮುಂದಿನ ಕಾಲದ ಸರಕು ಸಾರ್" ಅಂತ ಇದನ್ನೂ ಕಂಪ್ಯೂಟರನ್ನೂ ಲಾರಿಗೆ ಹಾಕಿ ಕಳಿಸಿದ್ದ. ಮುಂದಿನ ಕಾಲ ಗಾಂಧಿ ಬಜಾರಿಗೆ ಇನ್ನೂ ಬಂದಿರಲಿಲ್ಲ. ಆದರೆ ಫೆಬ್ರವರಿಯಲ್ಲಿ ವಿಶ್ವಕಪ್ ಕ್ರಿಕೆಟ್ ಬರುವುದಿತ್ತು. ಜನ ಮಗಳ ಮದುವೆ ಮುಂದಕ್ಕೆ ಹಾಕಿಯಾದರೂ ಕಲರ್ ಟಿ.ವಿ. ತಗೊಳ್ಳುವ ಕಾಲ. ಮುಂಗಡ ಕಟ್ಟಿದ ಅಂಗಡಿಗೆ ಮಾತ್ರ ಸೆಟ್ಟು. ನನ್ನ ನಲವತ್ತೆಂಟು ಸಾವಿರವೋ ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಮಲಗಿತ್ತು. ತಿಂಗಳೊಳಗೆ ಅದು ಎದ್ದು ಬರದಿದ್ದರೆ ವಿಶ್ವಕಪ್ಪನ್ನು ಎದುರಂಗಡಿಯವನು ಮಾರುತ್ತಿದ್ದ. ನಾನು ಸ್ಕೋರ್ ಕೇಳಿಕೊಂಡು ಕೂರಬೇಕಿತ್ತು.

ಉಭಯನಗರ ಸಂಘದಲ್ಲಿ ಸದಸ್ಯರ ಜ್ಞಾನಾಭಿವೃದ್ಧಿ ನಿಧಿ ಅಂತ ಒಂದಿತ್ತು. ಪ್ರತಿವರ್ಷ ಲಾಭದ ಒಂದು ಪಾಲು ಅದಕ್ಕೆ ಹೋಗುತ್ತಿತ್ತು. ಜ್ಞಾನ ಎಂದರೆ ಯಾವುದು ಎಂಬ ಬಗ್ಗೆ ಒಮ್ಮತ ಮೂಡದ ಕಾರಣ ಅದರಿಂದ ಒಂದು ಪೈಸೆಯೂ ಖರ್ಚಾಗಿರಲಿಲ್ಲ. ನಾನು ಅರ್ಜಿ ಹಾಕಿದೆ. ಸಂಘದ ಕಾರ್ಯದರ್ಶಿ ರುದ್ರೇಶ್ ನಿಯಮದ ಮನುಷ್ಯ. ಮೊದಲು ಸರಕಿಗೆ ಕನ್ನಡದಲ್ಲಿ "ಭ್ರಮಾವಾಸ್ತವ ಶಿರಸ್ತ್ರಾಣ" ಎಂದು ಹೆಸರಿಟ್ಟರು. ನಂತರ ಮೂರು ಅಂಗಡಿಗಳ ದರಪಟ್ಟಿ ಬೇಕೆಂದರು. ಭದ್ರಾವತಿ, ಶಿವಮೊಗ್ಗ ಎರಡೂ ಊರು ಸೇರಿ ಇದನ್ನು ಇಟ್ಟಿದ್ದ ಅಂಗಡಿ ನನ್ನದೊಂದೇ ಆದ್ದರಿಂದ ಮೂರು ದರಪಟ್ಟಿಯನ್ನೂ ನಾನೇ ಕೊಟ್ಟೆ. ಮೂರರಲ್ಲಿ ನನ್ನದೇ ಕಡಿಮೆ ಬಂತು. ರುದ್ರೇಶ್ ಅಭಿನಂದಿಸಿದರು.

ಸಂಕ್ರಾಂತಿ ಕಳೆದ ಮೇಲೆ ಪರಿಶೀಲನಾ ತಂಡ ಬಸ್ಸಿನಲ್ಲಿ ಬಂತು. ಅಧ್ಯಕ್ಷ ಹಾಲಸ್ವಾಮಿ, ಅಕ್ಕಿ ಗಿರಣಿ ಮಾಲೀಕರು. ಓಲ್ಡ್ ಟೌನಿನಲ್ಲಿ ಸ್ಟೀಲ್ ಪಾತ್ರೆ ಅಂಗಡಿ ಇಟ್ಟಿದ್ದ ನಿರ್ದೇಶಕಿ ಶಕುಂತಲಮ್ಮ. ಪೆನ್ನು ಹಿಡಿದ ರುದ್ರೇಶ್.

"ಎಲ್ಲಿಗೆ ಹೋಗುತ್ತೆ ಇದು?" ಅಂದರು ಹಾಲಸ್ವಾಮಿ.

"ಇದು ಎಲ್ಲಿಗೂ ಹೋಗಲ್ಲ. ನೀವು ಹೋದ ಹಾಗೆ ಆಗುತ್ತೆ."

"ಅದೇ ಮಾರಾಯ ಕೇಳಿದ್ದು. ಎಲ್ಲಿಗೆ?"

"ಒಂದು ಕೋಟೆಗೆ."

"ಚಿತ್ರದುರ್ಗನಾ?"

"ಫಾರಿನ್ನು."

ಹಾಲಸ್ವಾಮಿ ಪಂಚೆ ಸರಿಮಾಡಿಕೊಂಡು, ಶಲ್ಯ ಹೆಗಲಿಗೇರಿಸಿ ಕೂತರು. ನಾನು ಶಿರಸ್ತ್ರಾಣ ತೊಡಿಸಿದೆ. ಅವರ ಕತ್ತು ನಿಧಾನಕ್ಕೆ ಎಡಕ್ಕೂ ಬಲಕ್ಕೂ ತಿರುಗಿತು.

"ಏನು ಕಾಣ್ತಿದೆ ಸಾರ್? ವರದಿಗೆ ಬೇಕು," ಅಂದರು ರುದ್ರೇಶ್.

"ಗೋಡೆ. ಒಳ್ಳೇ ಕಲ್ಲು. ಒಂದು ನರಪಿಳ್ಳೆನೂ ಇಲ್ಲ ನೋಡು. ಇಷ್ಟು ದೊಡ್ಡ ಜಾಗ, ಗೋಡೌನಿಗೆ ಕೊಟ್ಟಿದ್ರೂ ತಿಂಗಳಾ ಬಾಡಿಗೆ ಬರ್ತಿತ್ತು... ಏಯ್! ಯಾರೋ ಬಂದ. ಕೈಲಿ ಕತ್ತಿ ಇದೆ. ರುದ್ರೇಶಾ, ನಾನು ಅಧ್ಯಕ್ಷ ಅಂತ ಹೇಳಪ್ಪ ಅವನಿಗೆ!"

"ಅವನಿಗೆ ಕನ್ನಡ ಬರೋ ಹಾಗೆ ಕಾಣಲ್ಲ ಸಾರ್."

ಹಾಲಸ್ವಾಮಿ ಕತ್ತಿಯಿಂದ ತಪ್ಪಿಸಿಕೊಳ್ಳಲು ಗರಗರ ಕತ್ತು ತಿರುಗಿಸಿದರು. ಅಷ್ಟೂ ಕೋಟೆ ಜೊತೆಗೇ ತಿರುಗಿತು. ಶಿರಸ್ತ್ರಾಣ ಕಿತ್ತು ನನ್ನ ಕೈಗಿತ್ತು, ಅಂಗಡಿ ಹಿಂದಿನ ಚರಂಡಿಗೆ ಓಡಿ, ಬೆಳಗಿನ ಅಕ್ಕಿರೊಟ್ಟಿ ಪೂರ್ತಿ ಹೊರಗೆ ಹಾಕಿದರು. ಶಕುಂತಲಮ್ಮ ಚೀಲದಿಂದ ನಿಂಬೆಹಣ್ಣು ತೆಗೆದು ಅವರ ಮೂಗಿಗೆ ಹಿಡಿದರು.

"ಆಗುಂಬೆ ಘಾಟಿಲಿ ಹಿಂದಿನ ಸೀಟಲ್ಲಿ ಕೂತು ಕೋಡುಬಳೆ ತಿಂದ ಮನುಷ್ಯ. ಕುರ್ಚಿಲಿ ಕೂತು ವಾಂತಿ ಮಾಡ್ಕೊಂಡ್ರಲ್ರೀ!"

ನನ್ನ ಕಲರ್ ಟಿ.ವಿ.ಗಳೂ ಅದೇ ಚರಂಡಿಗೆ ಹೋದವು ಅಂತ ನಾನು ತಿಳಿದೆ. ಅದು ನನ್ನ ತಪ್ಪು ತಿಳಿವಳಿಕೆ.

ಮರುವಾರ ಪ್ರಯಾಣದ ಬಿಲ್ಲು ಬರೆಯುವಾಗ ರುದ್ರೇಶ್ ಭದ್ರಾವತಿಯಿಂದ ಶಿವಮೊಗ್ಗಕ್ಕೆ ಹೋಗಿಬರುವ ಬಸ್ ಚಾರ್ಜು ಬರೆದರು. ಹಾಲಸ್ವಾಮಿ ಅದನ್ನು ನೋಡಿ, "ಅಲ್ಲಿಂದ ಮುಂದೆ ಹೋಗಿದ್ದಕ್ಕೆ?" ಅಂತ ಕೇಳಿದರು.

ಪ್ರಶ್ನೆ ನ್ಯಾಯವಾದದ್ದೇ. ಸಂಘದ ಉಪನಿಯಮದ ಪ್ರಕಾರ, ಸಂಘದ ಕೆಲಸದ ಮೇಲೆ ಪರಸ್ಥಳಕ್ಕೆ ಪ್ರಯಾಣ ಮಾಡಿದ ನಿರ್ದೇಶಕರಿಗೆ ದಿನಭತ್ಯೆ ಉಂಟು; ಪರದೇಶವಾದರೆ ನಾನೂರು ರೂಪಾಯಿ. ಹಿಂದಿನ ಅಧ್ಯಕ್ಷರೊಬ್ಬರು ಸಿಂಗಾಪುರದ ಆಸೆಯಲ್ಲಿ ಸೇರಿಸಿದ್ದ ನಿಯಮ ಅದು. ಅವರು ಹೊನ್ನಾಳಿ ದಾಟದೆ ತೀರಿಕೊಂಡರು.

ವಿಷಯ ಲೆಕ್ಕಪರಿಶೋಧಕ ಜನಾರ್ದನರ ಮುಂದೆ ಹೋಯಿತು. ಚಹಾದ ಬಿಲ್ಲಿಗೆ ರುಜು ಇಲ್ಲವೆಂದು ಚಹಾವನ್ನೇ ವಾಪಸ್ ಕಳಿಸಿದ್ದ ಮನುಷ್ಯ. ಪ್ರಯಾಣ ಆಗಿದ್ದಕ್ಕೆ ಪುರಾವೆ ಏನು, ಟಿಕೆಟ್ ಎಲ್ಲಿ ಎಂದು ಕೇಳಿದರು. ಹಾಲಸ್ವಾಮಿ ಓಲ್ಡ್ ಟೌನಿನ ತಮ್ಮ ಡಾಕ್ಟರಿಂದ ಸರ್ಟಿಫಿಕೇಟ್ ತಂದುಕೊಟ್ಟರು: ಸದರಿಯವರಿಗೆ ಆದದ್ದು ಪ್ರಯಾಣದ ವಾಂತಿ.

ಜನಾರ್ದನರು ಅದನ್ನು ಬೆಳಕಿಗೆ ಹಿಡಿದು ನೋಡಿದರು. "ಕೂತಲ್ಲೇ ಕೂತಿರೋವ್ರಿಗೆ ಈ ಕಾಯಿಲೆ ಬರುತ್ತಾ?"

"ಬರಲ್ಲ ಅಂತಾರೆ ಡಾಕ್ಟ್ರು," ಅಂದರು ರುದ್ರೇಶ್.

"ಹಾಗಾದ್ರೆ ಹೋಗಿದ್ದಾರೆ." ರುಜು ಹಾಕಿದರು. ಒಂದೇ ಆಕ್ಷೇಪಣೆ ಎತ್ತಿದರು: ನಿಂಬೆಹಣ್ಣಿನ ರಸೀದಿ ಲಗತ್ತಿಸಿಲ್ಲ.

ಮಾರನೆಯ ದಿನವೇ ಸಂಘದ ಬೋರ್ಡಿಗೆ ಸುತ್ತೋಲೆ ಬಿತ್ತು.

"ಈ ಮೂಲಕ ಎಲ್ಲ ನಿರ್ದೇಶಕರಿಗೆ ತಿಳಿಯಪಡಿಸುವುದೇನೆಂದರೆ, ಭ್ರಮಾವಾಸ್ತವ ಶಿರಸ್ತ್ರಾಣದ ಖರೀದಿಯು ಗಂಭೀರ ವಿಷಯವಾಗಿದ್ದು, ಒಬ್ಬರ ತಲೆಯ ಆಧಾರದ ಮೇಲೆ ನಿರ್ಣಯ ಕೈಗೊಳ್ಳುವುದು ಸಹಕಾರ ತತ್ವಕ್ಕೆ ವಿರುದ್ಧವಾಗಿರುವುದರಿಂದ, ಹನ್ನೊಂದು ಮಂದಿಯೂ ಸರದಿಯಂತೆ ಸದರಿ ಕೋಟೆಗೆ ಭೇಟಿ ನೀಡತಕ್ಕದ್ದು. ವಾಂತಿ ಕಡ್ಡಾಯವಲ್ಲ. ತಲೆ ಸುತ್ತಿದ ಬಗ್ಗೆ ಸ್ವಯಂ ದೃಢೀಕರಣ ಸಾಕು."

ಬಂದರು. ಯಾರೂ ಸರದಿ ತಪ್ಪಿಸಲಿಲ್ಲ. ಸಂಘದ ಮಹಾಸಭೆಗೆ ಬಾರದವರು, ಸ್ವಂತ ಅಣ್ಣನ ಗೃಹಪ್ರವೇಶಕ್ಕೆ ಹೋಗದವರು, ಕೋಟೆಗೆ ಬಂದರು. ಶಕುಂತಲಮ್ಮ ಕೊಟ್ಟ ವರದಿ ಹೀಗಿತ್ತು: "ಕೋಟೆಯನ್ನು ಗುಡಿಸಿ ಬಹಳ ಕಾಲವಾದಂತಿದೆ. ಎಲ್ಲಿ ಅಡುಗೆ ಮಾಡುತ್ತಾರೋ ತಿಳಿಯಲಿಲ್ಲ. ಸ್ಟೀಲ್ ಪಾತ್ರೆಗೆ ಒಳ್ಳೆಯ ಅವಕಾಶವಿದೆ." ಮತ್ತೊಬ್ಬರು ಅಲ್ಲಿಯ ಕಾನೂನು ಸುವ್ಯವಸ್ಥೆ ಹದಗೆಟ್ಟಿದೆ, ಕತ್ತಿ ಹಿಡಿದವನನ್ನು ಯಾರೂ ಕೇಳುವವರಿಲ್ಲ ಎಂದು ಬರೆದರು. ಎಲ್ಲ ವರದಿಗಳ ಕೊನೆಯ ಸಾಲು ಮಾತ್ರ ಒಂದೇ: "ನಿರ್ಣಯಕ್ಕೆ ಮೊದಲು ಇನ್ನೊಮ್ಮೆ ಭೇಟಿ ಅಗತ್ಯ."

ಎರಡನೇ ಸುತ್ತು ಶುರುವಾದಾಗ ನಾನು ಅಂಗಡಿ ಬಾಗಿಲು ಎಳೆದು ಓಲ್ಡ್ ಟೌನಿಗೆ ಹೋದೆ. ಬೆಂಗಳೂರಿನವನು ಮುಂಗಡಕ್ಕೆ ಎರಡು ಸಲ ಫೋನ್ ಮಾಡಿದ್ದ. ಎದುರಂಗಡಿಯವನು ಆಗಲೇ ಬ್ಯಾಟು ಹಿಡಿದ ರಟ್ಟಿನ ಬೊಂಬೆಯೊಂದನ್ನು ಬಾಗಿಲಲ್ಲಿ ನಿಲ್ಲಿಸಿದ್ದ.

"ಕೊಳ್ತೀರೋ ಇಲ್ವೋ, ಒಂದು ಮಾತು ಹೇಳಿಬಿಡಿ," ಅಂದೆ.

ಕಚೇರಿಯಲ್ಲಿ ಹಾಲಸ್ವಾಮಿ, ರುದ್ರೇಶ್, ಶಕುಂತಲಮ್ಮ, ಜನಾರ್ದನ ಇದ್ದರು. ಉತ್ತರ ಕೊಟ್ಟದ್ದು ಜನಾರ್ದನ.

"ಕೊಂಡರೆ ಅದು ಸಂಘದ ಆಸ್ತಿ ಆಗುತ್ತೆ. ಆಸ್ತಿ ಕಚೇರಿಯಲ್ಲಿರಬೇಕು. ಕಚೇರಿಯಲ್ಲಿ ಕೂತವರಿಗೆ ಪ್ರಯಾಣ ಭತ್ಯೆ ಬರಲ್ಲ."

"ಆಗ ವಾಂತಿ ಬಂದ್ರೆ?"

"ಅದು ಊಟದ ತೊಂದರೆ."

"ಸರಿ, ಹಾಗಾದ್ರೆ ಬೇಡ ಅಂತ ಬರೆದುಕೊಡಿ."

"ಬೇಡ ಅಂದ್ರೆ ಪರಿಶೀಲನೆ ಮುಗಿದುಹೋಗುತ್ತಲ್ಲ," ಅಂದರು ರುದ್ರೇಶ್. ಅವರ ದನಿಯಲ್ಲಿ ನಿಜವಾದ ದುಃಖವಿತ್ತು.

ಮೂವತ್ತು ವರ್ಷ ಗಲ್ಲಾಪೆಟ್ಟಿಗೆ ಹಿಂದೆ ಕೂತವನಿಗೆ ಗಿರಾಕಿ ಯಾವುದಕ್ಕೆ ದುಡ್ಡು ಬಿಚ್ಚುತ್ತಾನೆ ಎಂಬುದು ಅಷ್ಟಿಷ್ಟು ತಿಳಿಯುತ್ತದೆ. ಇವರಿಗೆ ಬೇಕಾದದ್ದು ಸರಕಲ್ಲ, ಅನುಮಾನ. ಅನುಮಾನದ ಸ್ಟಾಕು ನನ್ನಲ್ಲಿ ಧಾರಾಳವಾಗಿತ್ತು.

"ಹಾಗೇ ಆಗಲಿ," ಅಂತ ಎದ್ದೆ. "ಕಾಗದನಗರದಿಂದ ಒಬ್ಬರು ನಾಳೆ ಬರ್ತೀನಿ ಅಂದಿದ್ದಾರೆ. ರೊಕ್ಕ ಕೊಟ್ಟು ತಗೊಂಡು ಹೋಗ್ತಾರೆ."

ಪೇಪರ್ ಮಿಲ್ಲಿನ ಆ ಕಾಗದನಗರದಲ್ಲಿ ಅಂಥವರು ಯಾರೂ ಇರಲಿಲ್ಲ. ಅದು ವ್ಯಾಪಾರದ ಮಾತು.

ಹಾಲಸ್ವಾಮಿ ಚಹಾದ ಲೋಟ ಕೆಳಗಿಟ್ಟರು. "ಏನ್ ಮಾರಾಯ ನೀನು! ಪರಿಶೀಲನೆಯಲ್ಲಿರೋ ಸರಕನ್ನ ಹೆಂಗ್ ಮಾರ್ತೀಯ? ಜನ ಆಡ್ಕೊಳಲ್ವಾ?"

"ನನ್ನ ಅಂಗಡಿ, ನನ್ನ ಕರೆಂಟು, ನನ್ನ ಕುರ್ಚಿ. ನಿಮ್ಮ ಹನ್ನೊಂದು ಜನರನ್ನ ಪರದೇಶಕ್ಕೆ ಕಳಿಸಿ ವಾಪಸ್ ಕರೆಸ್ತಾ ಇದ್ದೀನಿ. ಒಂದು ಭೇಟಿಗೆ ಮುನ್ನೂರು ಕೊಡಿ, ಇಟ್ಕೊಂಡಿರ್ತೀನಿ."

"ಮುನ್ನೂರಾ?" ಶಕುಂತಲಮ್ಮ ಕುರ್ಚಿ ಮುಂದಕ್ಕೆ ಎಳೆದರು. "ಅಷ್ಟು ದುಡ್ಡಿಗೆ ಬೆಂಗಳೂರಿಗೆ ಹೋಗಿ, ಊಟ ಮಾಡಿ, ಸೀರೆ ತಗೊಂಡು ಬರ್ತೀನಿ."

"ಬೆಂಗಳೂರಿಗೆ ನಾನೂರು ಭತ್ಯೆ ಕೊಡ್ತಾರಾ ಅಮ್ಮ?"

ಅವರು ಕುರ್ಚಿಯನ್ನು ಮತ್ತೆ ಹಿಂದಕ್ಕೆ ಸರಿಸಿದರು. "ಇನ್ನೂರು. ನಿಂಬೆಹಣ್ಣು ನಿಮ್ದೇ."

ಮುಗಿಯಿತು. ಇನ್ನೂರ ನಲವತ್ತು ಭೇಟಿಗಳ ಶುಲ್ಕ ಮುಂಗಡವಾಗಿ ಕೊಡಬೇಕು ಎಂದೆ. ಅಂದರೆ ಸರಿಯಾಗಿ ನಲವತ್ತೆಂಟು ಸಾವಿರ. ಸಂಘವು ಆ ವಸ್ತುವಿನ ಪೂರ್ತಿ ಬೆಲೆಯನ್ನು, ಅದನ್ನು ಕೊಳ್ಳದೆ, ಅದೇ ಸಂಜೆ ಚೆಕ್ಕಿನಲ್ಲಿ ಕೊಟ್ಟಿತು. ಯಾವ ಬಾಬ್ತಿಗೆ ಬರೆಯುವುದು ಎಂದು ರುದ್ರೇಶ್ ಯೋಚಿಸುತ್ತಿದ್ದಾಗ ಜನಾರ್ದನರೇ ಹೇಳಿಕೊಟ್ಟರು: "ಖರೀದಿ ಮಾಡದಿರುವುದಕ್ಕೆ ಮುಂಗಡ."

ವಿಶ್ವಕಪ್ಪಿಗೆ ನನ್ನ ಅಂಗಡಿಯ ಕಲರ್ ಟಿ.ವಿ.ಗಳು ಒಂದೂ ಉಳಿಯಲಿಲ್ಲ. ಸೆಮಿಫೈನಲ್ಲಿನಲ್ಲಿ ಭಾರತ ಸೋತ ಮಾರನೆಯ ದಿನ ಇಬ್ಬರು ಸೆಟ್ಟು ವಾಪಸ್ ತಂದಿದ್ದರು. ಸೋಲು ಗ್ಯಾರಂಟಿ ಕಾರ್ಡಿನಲ್ಲಿ ಸೇರುವುದಿಲ್ಲ ಎಂದು ತಿಳಿಸಿ ಕಳಿಸಿದೆ.

ಎರಡನೇ ವರ್ಷದ ಮಳೆಗಾಲದಲ್ಲಿ ಶಿರಸ್ತ್ರಾಣದ ಬಲಗಣ್ಣು ಹೋಯಿತು. ದೀಪಾವಳಿ ಹೊತ್ತಿಗೆ ಎಡಗಣ್ಣೂ ಹೋಯಿತು. ಯಂತ್ರ ಕೆಟ್ಟಿದೆ ಎಂದು ನಾನು ಪ್ರಾಮಾಣಿಕವಾಗಿ ಲಿಖಿತದಲ್ಲಿ ತಿಳಿಸಿದೆ. ಅದನ್ನೂ ಪರಿಶೀಲಿಸಬೇಕೆಂದು ನಿರ್ದೇಶಕ ಕರಿಯಣ್ಣನವರು ಬಂದರು. ಸುಣ್ಣದ ವ್ಯಾಪಾರಿ, ಮಾತು ಕಮ್ಮಿ. ಪೂರ್ತಿ ಹೊತ್ತು ಹಾಕಿಕೊಂಡು ಕೂತು ಎದ್ದರು.

"ಏನೂ ಕಾಣ್ಲಿಲ್ಲ," ಅಂದರು.

ಈ ಬಗ್ಗೆ ತುರ್ತು ಸಭೆ ಸೇರಿತು. "ಕರೆಂಟ್ ಹೋಗಿದೆ ಅಲ್ಲಿ," ಅಂದರು ಹಾಲಸ್ವಾಮಿ. "ನಮ್ಮಲ್ಲಿ ದಿನಾ ಹೋಗುತ್ತೆ, ಅವರಲ್ಲಿ ಹೋಗಬಾರದಾ?" ಜನಾರ್ದನರು ಹೆಚ್ಚು ಆಳಕ್ಕೆ ಹೋದರು. ನಿರ್ದೇಶಕರು ಅಲ್ಲಿ ಇದ್ದಾಗ ಪೂರ್ತಿ ಕತ್ತಲಿತ್ತು. ಪೂರ್ತಿ ಕತ್ತಲಿದ್ದರೆ ಅದು ರಾತ್ರಿ. ರಾತ್ರಿ ಅಲ್ಲಿದ್ದರೆಂದರೆ ತಂಗಿದ್ದಾರೆ. ತಂಗಿದವರಿಗೆ ವಸತಿ ಭತ್ಯೆ ಪ್ರತ್ಯೇಕ, ನೂರೈವತ್ತು. ಸಭೆ ಚಪ್ಪಾಳೆ ತಟ್ಟಿ ಅಂಗೀಕರಿಸಿತು.

ಆಮೇಲೆ ತಲೆಸುತ್ತಿನ ತೊಂದರೆಯೇ ಇಲ್ಲವಾಯಿತು. ಮಧ್ಯಾಹ್ನ ಊಟ ಮುಗಿಸಿ ಬಂದು, ಹಾಕಿಕೊಂಡು, ಒಳ್ಳೆ ನಿದ್ದೆ ತೆಗೆದು ಹೋಗುತ್ತಾರೆ. ಗೊರಕೆ ಕೇಳಿಸಿತು ಎಂದು ನಾನು ಬರೆದುಕೊಟ್ಟ ಚೀಟಿಯನ್ನು ವಸತಿಯ ಪುರಾವೆಯಾಗಿ ಲಗತ್ತಿಸಲಾಗುತ್ತದೆ. ಕಂಪ್ಯೂಟರನ್ನು ತೊಂಬತ್ತೊಂಬತ್ತರಲ್ಲಿ ಒಂದು ಟೈಪಿಂಗ್ ಶಾಲೆಗೆ ಮಾರಿದೆ. ಕೇಬಲ್ಲಿನ ತುದಿ ಈಗ ಯಾವುದಕ್ಕೂ ಸೇರಿಲ್ಲ. ಗೌರವಕ್ಕಿರಲಿ ಎಂದು ಮೇಜಿನ ಕೆಳಗೆ ಇಳಿಬಿಟ್ಟಿದ್ದೇನೆ.

ಕಳೆದ ಮಹಾಸಭೆಯಲ್ಲಿ ಮಾತ್ರ ಒಂದು ಅಡಚಣೆ ಬಂತು. ಹಿಂಡಿ-ಬೂಸಾ ಅಂಗಡಿಯ ಬೀರಪ್ಪ, ಸಾಮಾನ್ಯ ಸದಸ್ಯ, ಹಿಂದಿನ ಸಾಲಿನಿಂದ ಎದ್ದು ನಿಂತ.

"ಅಲ್ಲ ಸ್ವಾಮಿ, ಐದು ವರ್ಷದಿಂದ ಹೋಗ್ತಾನೇ ಇದ್ದೀರಿ. ನಮ್ಮ ದುಡ್ಡು. ಅದನ್ನ ಕೊಳ್ತೀರೋ, ಬೇಡ್ವೋ?"

ನಾನು ಅತಿಥಿಗಳ ಸಾಲಿನಲ್ಲಿದ್ದೆ. ಐದು ವರ್ಷದ ವ್ಯಾಪಾರ ಒಬ್ಬ ಬೂಸಾ ಮಾರುವವನ ಬಾಯಲ್ಲಿ ನೇತಾಡುತ್ತಿತ್ತು.

ಹಾಲಸ್ವಾಮಿ ಕೋಪಿಸಿಕೊಳ್ಳಲಿಲ್ಲ. "ಬೀರಪ್ಪಾ, ನೀನು ಕೋಟೆ ನೋಡಿದ್ದೀಯಾ?"

"ಇಲ್ಲ."

"ಯಾವತ್ತಾದ್ರೂ ಅಲ್ಲಿಗೆ ಹೋಗಿದ್ದೀಯಾ?"

"ಇಲ್ಲ ಸ್ವಾಮಿ."

"ನೋಡದೆ ಬೇಕು ಬೇಡ ಅಂತ ಹೆಂಗಪ್ಪ ಹೇಳೋದು?"

ಸಭೆ ಹೌದು ಹೌದು ಅಂದಿತು. ಬೀರಪ್ಪನನ್ನು ಸ್ಥಳದಲ್ಲೇ ವಿಶೇಷ ಪರಿಶೀಲಕನೆಂದು ನೇಮಿಸಿ, ನಿರ್ದೇಶಕರಿಗೆ ಸಮನಾದ ಭತ್ಯೆ ಮಂಜೂರು ಮಾಡಲಾಯಿತು. ಸೋಮವಾರ ಇಸ್ತ್ರಿ ಅಂಗಿ ಹಾಕಿಕೊಂಡು ಬಂದ. ನಾನು ತೊಡಿಸಿದೆ. ಸ್ವಲ್ಪ ಹೊತ್ತು ಕತ್ತಲನ್ನು ಅತ್ತಿತ್ತ ತಿರುಗಿ ನೋಡಿದ.

"ಸಾಹುಕಾರ್ರೆ, ಏನೂ ಇಲ್ಲವಲ್ಲ ಇಲ್ಲಿ?"

"ಐನೂರೈವತ್ತು ಇದೆ ಬೀರಪ್ಪ."

ಅವನು ಪೂರ್ತಿ ಹೊತ್ತು ಕೂತ. ಎದ್ದ ಮೇಲೆ ನನ್ನ ಪೆನ್ನು ಕೇಳಿ ಪಡೆದು, ಗುಂಡು ಗುಂಡಾದ ಅಕ್ಷರದಲ್ಲಿ ವರದಿ ಬರೆದ: ಕೋಟೆ ಚೆನ್ನಾಗಿದೆ, ನಿರ್ಣಯಕ್ಕೆ ಮೊದಲು ಇನ್ನೊಮ್ಮೆ ಭೇಟಿ ಅಗತ್ಯ.

ಎರಡು ಸಾವಿರದ ಒಂದನೆಯ ಇಸವಿಯ ಮಾರ್ಚ್ ಕೊನೆಗೆ ನನ್ನ ಕಡೆಯ ಲೆಕ್ಕ ಇಷ್ಟು. ಸಂಘದಿಂದ ಬಂದ ಭೇಟಿ ಶುಲ್ಕ, ಒಂದು ಲಕ್ಷದ ಮೂವತ್ತಾರು ಸಾವಿರದ ನಾನೂರು. ಕಂಪ್ಯೂಟರ್ ಮಾರಿದ್ದು, ಒಂಬತ್ತು ಸಾವಿರ. ಒಟ್ಟು ಒಂದು ಲಕ್ಷದ ನಲವತ್ತೈದು ಸಾವಿರದ ನಾನೂರು. ಮಾರಾಟವಾದ ಹೆಡ್‌ಸೆಟ್, ಸೊನ್ನೆ. ಸ್ಟಾಕಿನಲ್ಲಿ ಉಳಿದದ್ದು, ಒಂದು.