ನಡುಗಿದಾಗ ಮಾತ್ರ ಕೆಡುವ ಗಾಡಿ

ದಾರಿಯುದ್ದಕ್ಕೂ ಕಾಡಿದ ಗಾಡಿ ನನ್ನ ಅಂಗಡಿ ಮುಂದೆ ಬಂದ ಕೂಡಲೆ ಸರಿಯಾಗಿಬಿಡುತ್ತದೆ. ಮುಧೋಳದಲ್ಲಿ ಬೈಕಿನ ವೈರಿಂಗ್ ಕೆಲಸ ಮಾಡುತ್ತ ತಲೆ ಬೋಳಾಯಿತು, ಇದು ಮಾತ್ರ ತಪ್ಪಲಿಲ್ಲ. ಅದರಲ್ಲೂ ರೇಸಿನ ಗಾಡಿ ಕಂಡರೆ ನನಗೆ ಮೊದಲೇ ಸುಸ್ತು. ಈಗ ಎಲ್ಲದಕ್ಕೂ ಒಂದೊಂದು ಸೆನ್ಸರ್. ಎಂಜಿನ್ ಜೋರಾಗಿ ನಡುಗಿದಾಗ ಯಾವುದೋ ತಂತಿ ತುಸು ಅಲುಗುತ್ತದೆ, ಗಾಡಿ ನಿಲ್ಲುತ್ತದೆ. ನಿಂತ ಮೇಲೆ ನಡುಕವೂ ಇಲ್ಲ, ರೋಗವೂ ಇಲ್ಲ.

ನನ್ನನ್ನು ಹೆಚ್ಚು ದಣಿಸಿದವನು ಬನಹಟ್ಟಿಯ ಒಬ್ಬ ಸವಾರ. ಮನೆಯಲ್ಲಿ ಪವರ್‌ಲೂಮ್, ತಲೆಯಲ್ಲಿ ರೇಸು.

೧. ಬೆರಳು

ವೇಗ ಹಿಡಿದಾಗಲೆಲ್ಲ ಅವನ ಗಾಡಿ ಬಂದ್ ಆಗುತ್ತಿತ್ತು. ಸೀಟಿನ ಕೆಳಗಿದ್ದ ಸೆನ್ಸರಿನ ಕನೆಕ್ಟರ್ ಮೇಲೆ ನನಗೆ ಅನುಮಾನ. ಪಕ್ಕದ ಮುಚ್ಚಳ ಬಿಚ್ಚಿ, ಹಿಂದೆ ಕುಳಿತು, ಬಾಗಿ, ಅದನ್ನು ಬೆರಳಿನಿಂದ ಒತ್ತಿಕೊಂಡು ಲೋಕಾಪುರದ ರಸ್ತೆಗೆ ಹೊರಟೆ. ಕಬ್ಬಿನ ಟ್ರ್ಯಾಕ್ಟರಿನವರು ನನಗೆ ಹೊಟ್ಟೆನೋವು ಎಂದುಕೊಂಡು ದಾರಿ ಬಿಟ್ಟರು. ಗಾಡಿ ಒಮ್ಮೆಯೂ ನಿಲ್ಲಲಿಲ್ಲ. ರೋಗ ಅಲ್ಲೇ ಇದೆ, ಕನೆಕ್ಟರ್ ಬದಲಿಸಬೇಕು ಎಂದೆ. ಅವನಿಗೆ ಅಷ್ಟು ತಡೆಯುವ ಮನಸ್ಸಿಲ್ಲ.

"ಬದಲಿ ಯಾಕ್ರಿ ಕಾಕಾ? ರೇಸಿನ್ಯಾಗೂ ನೀವ ಹಿಂದ ಕುಂದರ್ರಿ."

೨. ಮಗ್ಗ

ಕನೆಕ್ಟರ್ ಬದಲಾಯಿತು. ಕೆಲವು ದಿನ ಸುಖ, ಆಮೇಲೆ ಮತ್ತೆ ಅದೇ ಕತೆ. ಅಂಗಡಿಯಲ್ಲಿ ಎಷ್ಟು ಓಡಿಸಿದರೂ ಕೆಡಲೊಲ್ಲದು. ನಮ್ಮ ಮಗ್ಗದ ಶೆಡ್ಡಿನಲ್ಲಿ ನೆಲವೇ ನಡುಗುತ್ತದೆ, ಅಲ್ಲಿಗೆ ಬನ್ನಿ ಎಂದು ಸವಾರ ಕರೆದ. ಹೋದೆ. ಮಗ್ಗಗಳ ನಡುವೆ ನಿಲ್ಲಿಸಿ ಚಾಲೂ ಮಾಡಿದರೆ ಗಾಡಿ ಕೆಮ್ಮತೊಡಗಿತು. ನಮಗಿಬ್ಬರಿಗೂ ಹಬ್ಬ. ನಾನು ಮೀಟರ್ ಹಿಡಿದು ಬಾಗಿದ್ದೆ, ಅಷ್ಟರಲ್ಲಿ ಅವನ ತಾಯಿ ಬಂದರು. ನೇಯುತ್ತಿದ್ದ ಸೀರೆಗೆ ಗಾಡಿಯ ಹೊಗೆ ಹತ್ತುತ್ತದೆಂದು ಮೊದಲು ಮಗ್ಗ ಬಂದ್ ಮಾಡಿದರು. ಗಾಡಿ ತಕ್ಷಣ ಸರಿಯಾಯಿತು. ಅದು ಕೆಡಬೇಕು, ದಯವಿಟ್ಟು ಮಗ್ಗ ಹಚ್ಚಿರಿ ಎಂದು ನಾನು ಬೇಡಿಕೊಂಡೆ. ಅವರು ಸೆರಗಿನಿಂದ ಹೊಗೆ ಬೀಸಿಕೊಂಡರು.

"ಗಾಡಿ ಛಲೋ ಐತಿ. ನಿಮ್ಮಿಬ್ಬರನ್ನ ಎಲ್ಲೆರ ಡಾಕ್ಟರಿಗೆ ತೋರಿಸಬೇಕು."

೩. ಬಿದ್ದ ಸುದ್ದಿ

ಮಗ್ಗ ಮತ್ತೆ ಹಚ್ಚಿದ ಮೇಲೆ ಕಳ್ಳ ಸಿಕ್ಕಿಬಿದ್ದ. ಗಾಡಿ ಬಿದ್ದರೆ ಎಂಜಿನ್ ಬಂದ್ ಮಾಡುವ ಸೆನ್ಸರ್ ಒಂದಿರುತ್ತದೆ. ಜೋರಾಗಿ ನಡುಗಿದರೆ ಸಾಕು, ಅದು ಬಿದ್ದೆನೆಂದೇ ತಿಳಿಯುತ್ತಿತ್ತು. ಈ ಸಲದ ರೇಸಿನಲ್ಲೂ ನಡುವೆ ನಿಂತರೆ ಗಾಡಿ ಮನೆಯಲ್ಲಿ ಇರಕೂಡದು ಎಂದು ಅವನ ಹೆಂಡತಿ ಹೇಳಿಯಾಗಿತ್ತು. ಹಾಗಾಗಿ ಹಳೆಯ ಟ್ಯೂಬ್ ಕೊಯ್ದು, ನಡುಕ ತಾಗದಂತೆ ಸೆನ್ಸರನ್ನು ತೊಟ್ಟಿಲಿನ ಹಾಗೆ ತೂಗಿಬಿಟ್ಟೆ.

ಬೀಳಗಿ ಕಡೆಯ ಬಯಲಿನಲ್ಲಿ ಮಣ್ಣಿನ ರೇಸು. ಗಾಡಿ ಎಲ್ಲೂ ಕೆಮ್ಮಲಿಲ್ಲ, ಅವನೇ ಎಲ್ಲರಿಗಿಂತ ಮುಂದೆ. ದಣಿವೆಲ್ಲ ಮರೆತು ನಾನೂ ಎದ್ದು ನಿಂತೆ. ಕೊನೆಯ ತಿರುವಿನಲ್ಲಿ ಜಾರಿ ಬಿದ್ದ. ಗಾಡಿಯೂ ಅಡ್ಡಬಿತ್ತು. ಆದರೆ ತೊಟ್ಟಿಲಲ್ಲಿದ್ದ ಸೆನ್ಸರ್ ನೆಟ್ಟಗೇ ತೂಗುತ್ತಿತ್ತು, ಎಂಜಿನ್ ಬಂದ್ ಆಗಲಿಲ್ಲ. ಮಲಗಿದ ಗಾಡಿ ಗಿರಿಗಿರಿ ತಿರುಗುತ್ತ ಅವನ ಹಿಂದೆಯೇ ಬಂತು. ಅವನು ಕುಂಟುತ್ತ ಓಡಿದ. ಕಡೆಗೆ ನಾನೇ ಹಾರಿಹೋಗಿ ಕೀಲಿ ತಿರುವಿದೆ.

ಪೆಟ್ಟೇನೂ ದೊಡ್ಡದಿರಲಿಲ್ಲ. ಮೈತುಂಬ ಮಣ್ಣಾಗಿ ನನ್ನ ಪಕ್ಕ ಕುಳಿತ. ಬೈಗುಳಕ್ಕೆ ತಯಾರಾಗಿ ತಲೆ ತಗ್ಗಿಸಿದೆ. ಅವನು ನೀರು ಕುಡಿದು, ಸಾವಕಾಶ ಹೇಳಿದ:

"ಭಾರಿ ರಿಪೇರಿ ಮಾಡೀರಿ ಕಾಕಾ. ಬಿದ್ದದ್ದು ಗಾಡಿಗಿ ಗೊತ್ತ ಆಗಲಿಲ್ಲ. ನನಗೊಬ್ಬಂಗ ಗೊತ್ತಾತು."