ಅರ್ಗಿರಿಸನ ಮೊದಲ ಆಯ್ಕೆ

ಹದಿನೆಂಟರ ಅರ್ಗಿರಿಸನಿಗೆ ಒಳ್ಳೆಯ ಅಂಕ ಬಂದದ್ದೇ ತಪ್ಪಾಯಿತು. ಕಡಿಮೆ ಬಂದಿದ್ದರೆ ಸಿಕ್ಕಿದ್ದಕ್ಕೆ ಸೇರಿ ಸುಮ್ಮನಿರಬಹುದಿತ್ತು. ಈಗ ಯಾವ ಇಂಜಿನಿಯರಿಂಗ್ ವಿಶ್ವವಿದ್ಯಾಲಯವಾದರೂ ಸಿಗುತ್ತದೆ. ಅಂದಮೇಲೆ ಆರಿಸುವ ಕೆಲಸವನ್ನು ಅವನೊಬ್ಬನಿಗೇ ಬಿಡುವುದುಂಟೇ? ಆಯ್ಕೆಪಟ್ಟಿ ಕಳಿಸಲು ಅಂದು ಮಧ್ಯಾಹ್ನ ಎರಡು ಗಂಟೆಯೇ ಕೊನೆ. ಕಳಿಸಿದ ಮೇಲೆ ಮಂತ್ರಿಯೇ ಬಂದರೂ ಬದಲಾಯಿಸುವಂತಿಲ್ಲ.

ಬೆಳಿಗ್ಗೆ ಒಂಬತ್ತಕ್ಕೇ ಕಲಮಾಟಾ ಊರಿನ ಆ ವಸತಿ ಕಟ್ಟಡದ ಹಿತೈಷಿಗಳೆಲ್ಲ ಅರ್ಗಿರಿಸನ ಮನೆಯ ಬಾಲ್ಕನಿಯಲ್ಲಿ ತಣ್ಣನೆಯ ಕಾಫಿ ಹೀರುತ್ತ ಕೂತಿದ್ದರು.

"ಕಣ್ಣು ಮುಚ್ಕೊಂಡು ಅಥೆನ್ಸ್ ಹಾಕು, ಮಗಾ. ಅಲ್ಲಿ ಓದಿದೋರ ಗತ್ತೇ ಬೇರೆ," ಅಂದರು ಕೆಳಮನೆಯ ಸ್ತಾಥಿಸ್. ಅಥೆನ್ಸಿನಲ್ಲಿ ಅವರು ಓದಿರಲಿಲ್ಲ, ಹರ್ನಿಯಾ ಆಪರೇಷನ್ ಮಾಡಿಸಿಕೊಂಡಿದ್ದರು.

"ಅಲ್ಲಿ ರೂಮಿನ ಬಾಡಿಗೆಗೆ ಕಿಡ್ನಿ ಮಾರ್ಬೇಕು! ಥೆಸಲೊನೀಕಿಗೆ ಹೋಗ್ಲಿ. ಓದಿಗೆ ಓದು, ಮಜಕ್ಕೆ ಮಜ," ಅಂದಳು ಎದುರುಮನೆಯ ವಾಸ್ಸೊ. ಆ ಊರಲ್ಲಿ ಅವಳ ತಂಗಿಗೆ ಮದುವೆಯಾಗದ ಮಗಳೊಬ್ಬಳಿದ್ದಳು.

"ಪಾತ್ರಾ ಸಾಕು," ಅಂದಳು ತಾಯಿ ಫೋತಿನಿ. "ವಾರವಾರ ಮನೆಗೆ ಬಂದು ಬಾಯ್ತುಂಬ ಉಣ್ಬಹುದು."

ಅರ್ಗಿರಿಸನ ಲೆಕ್ಕಾಚಾರವೇ ಬೇರೆ. ಬನಿಯನ್ ಬೆವರಿಗೆ ಒದ್ದೆಯಾಗಿದೆಯೇ ಎಂದು ಅಮ್ಮ ಇವತ್ತಿಗೂ ನಡುಬೀದಿಯಲ್ಲಿ ಅವನ ಬೆನ್ನಿಗೆ ಕೈ ತೂರಿಸಿ ನೋಡುತ್ತಿದ್ದಳು. ಅವಳ ಕೈಗೆ ಎಟುಕದ ಕಾಲೇಜನ್ನು ಅವನು ಭೂಪಟ ಹಿಡಿದು ಹುಡುಕಿದ್ದ. ಕ್ಸಾಂಥಿ! ಒಂಬೈನೂರು ಕಿಲೋಮೀಟರು ದೂರ. ಕೆಫೆ, ಗೆಳೆಯರು, ಯಾರೂ ಬನಿಯನ್ ಮುಟ್ಟದ ಐದು ವರ್ಷ.

ಅವನು ನೀರು ಕುಡಿಯಲು ಒಳಗೆ ಹೋಗಿದ್ದೇ ತಡ, ಸ್ತಾಥಿಸ್ ಅವನ ಕಂಪ್ಯೂಟರಿನಲ್ಲಿದ್ದ ಆಯ್ಕೆಪಟ್ಟಿಯಲ್ಲಿ ಅಥೆನ್ಸನ್ನು ಮೇಲೇರಿಸಿದರು. ವಾಸ್ಸೊ ಅದನ್ನು ಕೆಳಗಿಳಿಸಿದಳು. ಫೋತಿನಿ ಎರಡನ್ನೂ ಅಳಿಸಿಹಾಕಿದಳು. ಕಂಪ್ಯೂಟರು ಇವರ ಸಹವಾಸವೇ ಬೇಡವೆಂದು ಮುಷ್ಕರ ಹೂಡಿತು. ಅದು ಮತ್ತೆ ಕಣ್ಣು ಬಿಟ್ಟಾಗ ಒಂದೂ ಐವತ್ತು.

"ನಾನು ಕ್ಸಾಂಥಿಗೆ ಹೋಗ್ತೀನಿ!" ಎಂದು ಅರ್ಗಿರಿಸ್ ಕಿರುಚಿದ.

"ಅಯ್ಯೋ, ಅದು ಟರ್ಕಿ ಹತ್ರ ಕಣೋ!" ಫೋತಿನಿ ಎದೆ ಹಿಡಿದುಕೊಂಡಳು.

"ಓದಿಗೋಸ್ಕರ, ಅಮ್ಮಾ. ಅಲ್ಲಿನ ಪ್ರಯೋಗಾಲಯ, ಅಲ್ಲಿನ ಮೇಷ್ಟ್ರುಗಳು... ನಂಗೆ ಮೋಜು ಮಸ್ತಿ ಏನೂ ಬೇಡ. ಊಟ ನಿದ್ದೆ ಬಿಟ್ಟು ಓದ್ಬೇಕು ಅಷ್ಟೇ!" ಹೇಳುತ್ತ ಹೇಳುತ್ತ ಅವನಿಗೇ ತನ್ನ ಮೇಲೆ ಗೌರವ ಹುಟ್ಟಿತು.

ಅಲ್ಲಿಯವರೆಗೆ ಪೇಪರಿನ ಹಿಂದೆ ಅಡಗಿದ್ದ ಅಪ್ಪ ಲೂಕಾಸ್ ತಲೆ ಹೊರಹಾಕಿದ. "ಹುಡುಗ ಸರಿಯಾಗೇ ಹೇಳ್ತಿದಾನೆ. ದೂರ ನೋಡ್ಬಾರ್ದು, ಓದು ನೋಡ್ಬೇಕು." ಮದುವೆಯಾಗಿ ಇಪ್ಪತ್ತು ವರ್ಷಕ್ಕೆ ಅವನು ಕೊಟ್ಟ ಮೊದಲ ಅಭಿಪ್ರಾಯ ಅದು.

ಫೋತಿನಿ ಬಿಕ್ಕಿದಳು, ಮೂಗೊರೆಸಿಕೊಂಡಳು, ಹೂಂ ಅಂದಳು. ಅರ್ಗಿರಿಸ್ ಕ್ಸಾಂಥಿಯೊಂದನ್ನೇ ತುಂಬಿ ಗುಂಡಿ ಒತ್ತಿದ. ಪಟ್ಟಿ ಹೋಯಿತು. ಅವನ ಜೀವಕ್ಕೆ ರೆಕ್ಕೆ ಬಂತು.

"ಊಟ ನಿದ್ದೆ ಬಿಟ್ಟು ಓದ್ತಾನಂತೆ, ನನ್ನ ಬಂಗಾರ!" ಅಂದಳು ಫೋತಿನಿ. "ಪಾತ್ರಾ ಆಗಿದ್ರೆ ಬುತ್ತಿ ಕಳಿಸಿದ್ರೆ ಆಗ್ತಿತ್ತು. ಅಷ್ಟು ದೂರಕ್ಕೆ ಹಳಸಿಹೋಗುತ್ತೆ. ಎರಡು ಕೋಣೆ ಮನೆ ನೋಡು, ಕಂದಾ. ನಾನೇ ಬಂದು ಜೊತೇಲಿರ್ತೀನಿ."

"ಅಮ್ಮಾ, ಅಪ್ಪ ಇಲ್ಲಿ ಒಬ್ಬರೇ..."

"ತ್ಯಾಗ ಮಾಡ್ತಾರೆ ಬಿಡು."

ಲೂಕಾಸ್ ಎದ್ದು ಬಂದು ಮಗನ ಹಣೆಗೆ ಮುತ್ತಿಟ್ಟ. ಅವನ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು.

"ಐದು ವರ್ಷದ ಕೋರ್ಸು ಅಲ್ವೇನೋ?" ಅಂದ ಪಿಸುದನಿಯಲ್ಲಿ. "ಅವಸರ ಮಾಡ್ಬೇಡ, ಮಗಾ. ಒಂದೆರಡು ಸಲ ಫೇಲಾದ್ರೂ ನಾನೇನೂ ಅನ್ಕೊಳಲ್ಲ."