ನಡೆದಾಡುವ ಗುಂಡಿ

ಆ ಹಕ್ಕಿ ಬೇರೆ ಯಾವ ದಿನ ಬಿದ್ದಿದ್ದರೂ ಟೈಲರ್ ಸಹಿಸಿಕೊಳ್ಳುತ್ತಿದ್ದ. ಅದು ಶಾಲೆಯ ಹೆಡ್‌ಮಾಸ್ತರು ಮಾದರಿ ಕೋಟು ನೋಡಲು ಬರುವ ದಿನವೇ ಬಿತ್ತು. ಕೋಟು ಒಪ್ಪಿಗೆಯಾದರೆ ಇಡೀ ಶಾಲೆಯ ಸಮವಸ್ತ್ರ ಇವನದು. ಇಲ್ಲದಿದ್ದರೆ ಎದುರಂಗಡಿಯವನದು.

ಬೆಳಿಗ್ಗೆ ಧಡಾರನೆ ಷಟರ್ ಎತ್ತಿದ್ದೇ ತಡ, ಮೇಲಿನ ಸಂದಿಯಿಂದ ಉದ್ದ ರೆಕ್ಕೆಯ ಕಪ್ಪು ಹಕ್ಕಿಯೊಂದು ಕೆಳಗೆ ಬಿದ್ದು ತೆವಳತೊಡಗಿತು.

"ಪಾಪ ರೀ, ನಡುಗ್ತಿದೆ" ಎಂದ ಹೆಂಡತಿ ಕೈಗೆ ಸಿಕ್ಕಿದ್ದರಲ್ಲಿ ಅದನ್ನು ಸುತ್ತಿದಳು. ಸಿಕ್ಕಿದ್ದು ಆ ಕೋಟೇ.

"ಅಯ್ಯೋ, ಟೈಲರ್ ಅಂಗಡೀಲಿ ಬಟ್ಟೆಗೆ ಬರಾನೇನೇ?"

ಪಕ್ಕದ ಔಷಧಿ ಅಂಗಡಿಯವರು ಕರೆಯದೆಯೇ ಹಾಜರಾದರು. "ನೆಲದಿಂದ ಹಾರೋಕೆ ಬರಲ್ಲ ಅದಕ್ಕೆ. ಮೇಲಕ್ಕೆ ಎಸೀರಿ."

ಎಸೆದರೆ ಹಾರಿಯೇ ಹೋಯಿತು. ಆದರೆ ಕೋಟಿನ ಮೇಲೆ ಏನೋ ಉಳಿದಿತ್ತು. ಕಂದು ಬಣ್ಣದ, ಚಪ್ಪಟೆಯಾದ, ಇಸ್ತ್ರಿ ಮಾಡಿಟ್ಟಂಥ ನೊಣ. ಏಡಿಯಂತೆ ಅಡ್ಡಡ್ಡ ಓಡುತ್ತಿತ್ತು.

"ಹಕ್ಕಿ ರಕ್ತ ಹೀರೋ ಜಾತಿ" ಎಂದರು ಔಷಧಿಯವರು. "ಒಂದಿದ್ರೆ ಹತ್ತಿರುತ್ತೆ. ಮುಲಾಮು ಕೊಡ್ಲಾ?"

"ನಿಮ್ಮ ಮುಲಾಮೂ ಬೇಡ, ನೀವೂ ಬೇಡ!"

ಟೈಲರ್ ಸ್ಕೇಲಿನಿಂದ ಹೊಡೆದ. ಸ್ಕೇಲು ಮುರಿಯಿತು, ನೊಣ ಸಾಯಲಿಲ್ಲ. ಇಸ್ತ್ರಿ ಪೆಟ್ಟಿಗೆ ಒತ್ತಿದ. ಅದು ಮುಂದೆ, ಪೆಟ್ಟಿಗೆ ಹಿಂದೆ. ಕೊನೆಗೆ ಅಸ್ತರಿನೊಳಗೆ ನುಸುಳಿ ಮಾಯವಾಯಿತು. ಅಷ್ಟರಲ್ಲಿ ಬಾಗಿಲಲ್ಲಿ ಹೆಡ್‌ಮಾಸ್ತರು.

ಅವರು ತಮ್ಮ ಅಳತೆಗೇ ಹೊಲಿಸಿದ್ದ ಆ ಕೋಟು ತೊಟ್ಟು ಕನ್ನಡಿಯ ಮುಂದೆ ನಿಂತರು. "ಮೂರು ಗುಂಡಿ ಹೇಳಿದ್ದೆ. ಇದೇನು ನಾಲ್ಕನೇದು?"

"ಹೆಚ್ಚುವರಿ ಗುಂಡಿ ಸಾರ್. ಒಂದು ಬಿದ್ದೋದ್ರೆ ಇರಲಿ ಅಂತ..."

ಹೆಚ್ಚುವರಿ ಗುಂಡಿ ಎದೆಯಿಂದ ಕಾಲರಿನತ್ತ ನಡೆಯಿತು.

ಅಂಗಡಿಯಲ್ಲಿ ಸೂಜಿ ಬಿದ್ದರೂ ಕೇಳುವಷ್ಟು ಮೌನ. ಹೆಂಡತಿಯ ಕೈಯಿಂದ ನಿಜಕ್ಕೂ ಒಂದು ಬಿತ್ತು.

ಹೆಡ್‌ಮಾಸ್ತರು ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು. ಮುಖ ಅರಳಿತು. "ಬಾನಾಡಿ ಹಕ್ಕಿ ಮೈಮೇಲಿರೋ ನೊಣ! ಇಪ್ಪತ್ತು ವರ್ಷ ಪಾಠ ಮಾಡಿದೀನಿ, ಕಣ್ಣಾರೆ ಕಂಡಿದ್ದು ಇವತ್ತೇ! ಆ ಹಕ್ಕಿ ಗೂಡೆಲ್ಲಿದೆ?"

ಟೈಲರ್‌ಗೆ ಹೋದ ಜೀವ ಬಂತು. ತಾನೇ ಸ್ಟೂಲು ಹಾಕಿ, ಟಾರ್ಚು ಹಿಡಿದು, ಬೆಳಿಗ್ಗೆ ಹಕ್ಕಿ ಬಿದ್ದದ್ದನ್ನು ಹೇಳಿ, ಷಟರ್ ಮೇಲಿನ ಸಂದಿ ತೋರಿಸಿದ. ಒಳಗೆ ಮೂರು ಮರಿ.

"ಹಾಗಾದ್ರೆ ಸಾರ್, ಸಮವಸ್ತ್ರ..."

"ಛೆ ಛೆ, ಇಲ್ಲಿ ಮೆಷಿನ್ ಓಡಲೇಬಾರದು. ನೀವು ಷಟರ್ ಎತ್ತಿದ ಏಟಿಗೇ ತಾಯಿ ಬಿದ್ದಿರೋದು. ಮರಿ ಹಾರೋ ತನಕ ಎಳೀಲೂ ಬೇಡಿ. ಹೊಲಿಗೆ ಎದುರಂಗಡಿಯವ್ರಿಗೆ ಕೊಡ್ತೀನಿ, ನೀವು ನಿಶ್ಚಿಂತೆಯಿಂದ ಗೂಡು ಕಾಯಿರಿ. ನಾಳೆಯಿಂದ ತರಗತಿಗೊಂದು ಸಾಲಿನಂತೆ ಮಕ್ಕಳನ್ನ ಕರ್ಕೊಂಡು ಬರ್ತೀನಿ."

"ಷಟರ್ ಎಳೀದೆ ಅಂಗಡಿ ಹೇಗೆ ಮುಚ್ಚೋದು ಸಾರ್?"

"ನೀವಿಲ್ಲೇ ಮಲಗಿ ರೀ" ಎಂದಳು ಹೆಂಡತಿ. "ಮನೇಲೂ ಗೊರಕೆ ತಪ್ಪುತ್ತೆ."

"ಇದು ಮನುಷ್ಯರನ್ನ ಕಚ್ಚುತ್ತಾ ಸಾರ್?" ಔಷಧಿಯವರಿಗೆ ಕುತೂಹಲ.

"ಬಹಳ ಅಪರೂಪ" ಎಂದ ಹೆಡ್‌ಮಾಸ್ತರು, ನೊಣವನ್ನು ಮಾತ್ರೆಯ ಡಬ್ಬಿಯಲ್ಲಿ ಹಾಕಿಕೊಂಡು ಎದುರಂಗಡಿಯತ್ತ ರಸ್ತೆ ದಾಟಿದರು. ಕೋಟನ್ನು ಮಾದರಿಗೆಂದು ತೊಟ್ಟೇ ಹೋದರು.

ಮೆಷಿನ್ ನಿಂತಿತ್ತು. ಮೇಲಿನಿಂದ ಚಿಂವ್ ಚಿಂವ್ ಸದ್ದು. ಟೈಲರ್ ಗೂಡಿನ ಕೆಳಗೆ ಸ್ಟೂಲು ಎಳೆದುಕೊಂಡು ಕೂತ. ಆಮೇಲೆ ಕುತ್ತಿಗೆಯ ಹಿಂದೆ ಮೆಲ್ಲಗೆ ಕೈಹಾಕಿ ಕೆರೆದುಕೊಂಡು, ಪಕ್ಕದ ಗೋಡೆಯತ್ತ ತಿರುಗಿ ಕೂಗಿದ:

"ಏನ್ರೀ, ಆ ಮುಲಾಮು ಕೊಡಿ ಇಲ್ಲಿ."